ಸೋಲುವ ತಂಡದ ಅಗ್ಗದ ಸೀಸನ್ ಟಿಕೆಟ್: ಹಿಡಿಯಬೇಕೇ, ಬಿಡಬೇಕೇ?

ಮಾಟುಂಗದ ರಾಯರು:
ಮುಂಬೈಯಲ್ಲಿ ಸೀಸನ್ ಟಿಕೆಟ್ ಎಂದರೆ ಲೋಕಲ್ ರೈಲಿನ ಪಾಸು. ನಾನು ಕೇಳುತ್ತಿರುವುದು ಬಾಸ್ಕೆಟ್‌ಬಾಲ್ ಸೀಸನ್ ಟಿಕೆಟ್ ಬಗ್ಗೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಕಳೆದ ವರ್ಷ ಅಲ್ಲಿನ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡವೊಂದರ 41 ತವರು ಪಂದ್ಯಗಳಿಗೂ ಪೂರ್ತಿ ದುಡ್ಡು ತೆತ್ತು ಸೀಟು ಹಿಡಿದಿದ್ದ. ತಂಡ ಸೋತು ಸುಣ್ಣವಾಯಿತು. ಜನವರಿಯಲ್ಲಿ ಒಂದು ದಿನ ಪಕ್ಕದಲ್ಲಿ ಬಂದು ಕುಳಿತವನು ಮೊಬೈಲ್ ತೆರೆದು ತೋರಿಸಿದನಂತೆ: ಅದೇ ಸಾಲು, ಅದೇ ಪಂದ್ಯ, ಅರ್ಧಕ್ಕಿಂತ ಕಡಿಮೆ ಬೆಲೆ. ಮಾರಿದ್ದು ಕಾಳಸಂತೆಯವರಲ್ಲ, ತಂಡವೇ. ಈಗ ಮುಂದಿನ ವರ್ಷಕ್ಕೆ ಹೊಸಬರಿಗೆ ಭಾರಿ ರಿಯಾಯಿತಿ ಸಾರಿದ್ದಾರೆ. ಹಳಬರಿಗೆ ತಂಡದ ಹೆಸರಿರುವ ಒಂದು ಕೈಚೀಲ. "ಮಾವ, ಬಿಟ್ಟುಬಿಡಲೇ?" ಎಂದು ಕೇಳುತ್ತಿದ್ದಾನೆ. ಏನು ಹೇಳಲಿ?

ಡೊಂಬಿವಲಿಯ ಶೆಟ್ಟಿ:
ರಾಯರೇ, ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತವನ ಮಾತು ಕೇಳಿ. ರಾತ್ರಿ ಉಳಿದ ಇಡ್ಲಿಯನ್ನು ಬೆಳಿಗ್ಗೆ ಮಾರಲಾಗುವುದಿಲ್ಲ. ಪಂದ್ಯ ಮುಗಿದ ಮೇಲೆ ಖಾಲಿ ಕುರ್ಚಿಯೂ ಅಷ್ಟೇ. ಅಗ್ಗಕ್ಕೆ ಕೊಟ್ಟರೆ ತಪ್ಪೇನು? ಒಳಗೆ ಬಂದವನು ತಿನ್ನುತ್ತಾನೆ, ಕುಡಿಯುತ್ತಾನೆ, ಗಾಡಿ ನಿಲ್ಲಿಸಲು ದುಡ್ಡು ಕೊಡುತ್ತಾನೆ, ಮಗುವಿಗೊಂದು ಅಂಗಿ ಕೊಳ್ಳುತ್ತಾನೆ. ಫೀನಿಕ್ಸ್ ಸನ್ಸ್ ತಂಡದವರು 2024ರಲ್ಲಿ ನೀರು, ಹಾಟ್ ಡಾಗ್‌ಗಳನ್ನೂ ತಲಾ 2 ಡಾಲರಿಗೆ ಇಳಿಸಿದರು. ಅಲ್ಲದೆ ಎನ್‌ಬಿಎಗೆ ಟಿವಿ ಹಕ್ಕುಗಳಿಂದಲೇ 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರ್ ಬರುತ್ತದೆ. ಬಾಗಿಲಲ್ಲಿ ಕೈ ಬಿಗಿ ಹಿಡಿಯುವ ಅಗತ್ಯವೇ ಅವರಿಗಿಲ್ಲ.

ಭಾಂಡುಪ್‌ನ ವಸಂತಿ:
ಶೆಟ್ಟರೇ, ಇಡ್ಲಿಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ನಿಮ್ಮ ಗಿರಾಕಿ ಇಡೀ ವರ್ಷದ ಇಡ್ಲಿಗೆ ಮುಂಗಡ ಕೊಟ್ಟಿರಲಿಲ್ಲ. ರಾಯರ ಸೋದರಳಿಯ ಕೊಟ್ಟಿದ್ದ.

ನನ್ನ ತಂದೆ ಊರಿನಲ್ಲಿ ಯಕ್ಷಗಾನದ ಡೇರೆ ಮೇಳಕ್ಕೆ ಟಿಕೆಟ್ ಮಾರುತ್ತಿದ್ದರು. ಒಂದು ವರ್ಷ ಕಲೆಕ್ಷನ್ ಬಿತ್ತೆಂದು ರಾತ್ರಿ ಹನ್ನೆರಡರ ನಂತರ ಬಂದವರಿಗೆ ಅರ್ಧ ಟಿಕೆಟ್ ಮಾಡಿದರು. ಮೂರನೆಯ ಆಟದ ಹೊತ್ತಿಗೆ ಡೇರೆಯ ಹೊರಗೆ ಚರುಮುರಿ ಗಾಡಿಯ ಸುತ್ತ ಜನವೋ ಜನ. ಒಳಗೆ ಭಾಗವತರ ಎದುರು ಖಾಲಿ ಕುರ್ಚಿಗಳು. ಎಲ್ಲರೂ ಹನ್ನೆರಡಾಗುವುದನ್ನೇ ಕಾಯುತ್ತಿದ್ದರು. ಕೊನೆಗೆ ಅಪ್ಪ ಹಟ ಹಿಡಿದು ಅದನ್ನು ನಿಲ್ಲಿಸಿ, ಹಗಲಿನಲ್ಲೇ ಟಿಕೆಟ್ ಪಡೆದವರಿಗೆ ನೆಲದ ದರದಲ್ಲಿ ಕುರ್ಚಿ ಕೊಡಿಸಿದರು. ಬೆಲೆ ಇಳಿಸುವುದಾದರೆ ಮೊದಲು ನಂಬಿ ಬಂದವನಿಗೆ ಇಳಿಸಬೇಕು. ಈ ತಂಡ ಮಾಡಿದ್ದು ತಿರುಗಾಮುರುಗಾ.

ನಾಗಪಾಡಾದ ಆಟಗಾರ:
ವಸಂತಿ ಅಕ್ಕನ ಮಾತು ನೂರಕ್ಕೆ ನೂರು ಸರಿ. ಆದರೆ ಬೆಲೆಗಿಂತ ಹೆಚ್ಚು ನೋಯಿಸುವುದು ಇನ್ನೊಂದಿದೆ. 2009ರಲ್ಲಿ ನ್ಯೂಜೆರ್ಸಿ ನೆಟ್ಸ್ ತಂಡ ಟಿಕೆಟ್ ಕಟ್ಟಿನ ಜೊತೆ ಎರಡು ಮಗ್ಗುಲಿನ ಅಂಗಿ ಕೊಟ್ಟಿತು. ಒಂದು ಮಗ್ಗುಲಲ್ಲಿ ನೆಟ್ಸ್ ಆಟಗಾರ, ಹೊರಳಿಸಿ ಹಾಕಿಕೊಂಡರೆ ಎದುರಾಳಿ ತಂಡದ ತಾರೆ! ಆ ಸೀಸನ್‌ನಲ್ಲಿ ಅವರು ಮೊದಲ 18 ಪಂದ್ಯಗಳನ್ನೂ ಸೋತರು; ಒಟ್ಟು 12 ಗೆಲುವು, 70 ಸೋಲು. ತನ್ನ ಅಂಗಳದಲ್ಲೇ ಪ್ರೇಕ್ಷಕ ಅಂಗಿ ಹೊರಳಿಸಿಕೊಂಡು ಕುಳಿತರೆ ಆಡುವವನ ಎದೆ ಏನಾಗಬೇಕು? ಇಲ್ಲಿನ ಮಸ್ತಾನ್ ವೈಎಂಸಿಎಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಂಜೆ ಪಂದ್ಯ ನೋಡಲು ನಿಲ್ಲುವ ನಮ್ಮ ಗಲ್ಲಿಯ ಜನ ಯಾವ ಉಡುಗೊರೆಯನ್ನೂ ಕೇಳುವುದಿಲ್ಲ. ತಮ್ಮ ಹುಡುಗರು ಎಂಬ ಅಭಿಮಾನಕ್ಕೆ ನಿಲ್ಲುತ್ತಾರೆ.

2019ರ ಅಕ್ಟೋಬರ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಆಡಿದಾಗ ಮೊದಲ ದಿನ ಸುಮಾರು 3,000 ಶಾಲಾ ಮಕ್ಕಳನ್ನು ಉಚಿತವಾಗಿ ಕೂರಿಸಿದ್ದರು. ಮಕ್ಕಳ ಜೊತೆಗೆ ಹೋಗಿದ್ದೆ. ಹೆಚ್ಚುವರಿ ಅವಧಿಗೆ ಹೋಗಿ 132–131ಕ್ಕೆ ಪೇಸರ್ಸ್ ಗೆದ್ದಿತು. ನನ್ನ ಕಿವಿ ಎರಡು ದಿನ ಗುಂಯ್‌ಗುಟ್ಟುತ್ತಿತ್ತು. ಅಗ್ಗ ಮಾಡುವುದಿದ್ದರೆ ಹಾಗೆ, ಮಕ್ಕಳಿಗೆ ಮಾಡಲಿ. ನಮ್ಮಲ್ಲಂತೂ 2015ರಲ್ಲಿ ಹುಟ್ಟಿದ ಯುಬಿಎ ಎಂಬ ಬಾಸ್ಕೆಟ್‌ಬಾಲ್ ಲೀಗ್ 2017ರ ಬಳಿಕ ನಡೆಯಲೇ ಇಲ್ಲ. ಅದರ ತಂಡಗಳಾದ ಮುಂಬೈ ಚಾಲೆಂಜರ್ಸ್, ಪುಣೆ ಪೇಶ್ವಾಸ್ ಎರಡೂ ಹೋದವು. ಸೋಲುವ ತಂಡವಾದರೂ ಊರಿಗೆ ಒಂದಿರಬೇಕು ಎಂಬ ಆಸೆ ನನ್ನದು.

ಪುಣೆಯ ಕುಲಕರ್ಣಿ:
ರಾಯರೇ, ಬಿಡಬೇಡಿ ಎಂದು ಹೇಳಿ. ಡೆಟ್ರಾಯಿಟ್ ಪಿಸ್ಟನ್ಸ್ 2023–24ರಲ್ಲಿ ಸತತ 28 ಪಂದ್ಯ ಸೋತಿತು, ಇಡೀ ಸೀಸನ್‌ನಲ್ಲಿ ಗೆದ್ದದ್ದು 14. ಮರುವರ್ಷವೇ 44 ಗೆದ್ದು ಪ್ಲೇಆಫ್‌ಗೆ ಹೋಯಿತು. ಕೆಟ್ಟ ವರ್ಷದಲ್ಲಿ ಸೀಟು ಉಳಿಸಿಕೊಂಡವರಿಗೆ ಒಳ್ಳೆಯ ವರ್ಷದಲ್ಲಿ ಆ ಜಾಗ ಸಿಕ್ಕಿತು.

ಒಂದು ಎಚ್ಚರಿಕೆ ಮಾತ್ರ ಬೇಕು. ಕೆಳಗಿನ ಸ್ಥಾನದ ತಂಡಕ್ಕೆ ಹೊಸ ಆಟಗಾರರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಹೆಚ್ಚು. ಅದಕ್ಕಾಗಿ ಸೋಲನ್ನೇ ದಾರಿ ಮಾಡಿಕೊಂಡ ತಂಡಗಳಿವೆ. ಫಿಲಡೆಲ್ಫಿಯಾ ತಂಡ 2015–16ರಲ್ಲಿ 82 ಪಂದ್ಯಗಳಲ್ಲಿ 10 ಮಾತ್ರ ಗೆದ್ದಿತು. ಸೋಲುವುದೆಂದು ತಂಡವೇ ತೀರ್ಮಾನಿಸಿದ ವರ್ಷಕ್ಕೆ ಪೂರ್ತಿ ಬೆಲೆ ಕೇಳುವುದು ಅನ್ಯಾಯ.

ಡೊಂಬಿವಲಿಯ ಶೆಟ್ಟಿ:
ವಸಂತಿಯವರೇ, ಮುಂಗಡ ಕೊಟ್ಟವನಿಗೆ ಮೋಸವಾಯಿತು ಎಂಬುದನ್ನು ಒಪ್ಪಿದೆ. ಆದರೆ ಹೊಸಬರ ರಿಯಾಯಿತಿ ತೆಗೆಯಿರಿ ಎನ್ನಬೇಡಿ. ಇಬ್ಬರು ಮಕ್ಕಳಿರುವ ಸಾಮಾನ್ಯ ಸಂಬಳದವನು ಇಂಥ ವರ್ಷದಲ್ಲೇ ಒಳಗೆ ಕಾಲಿಡಬಲ್ಲ. ತಂಡ ಗೆಲ್ಲತೊಡಗಿದರೆ ಆ ಬಾಗಿಲು ಅವನಿಗೆ ಮತ್ತೆ ಮುಚ್ಚುತ್ತದೆ.

ಭಾಂಡುಪ್‌ನ ವಸಂತಿ:
ತೆಗೆಯಿರಿ ಎಂದು ನಾನೆಲ್ಲಿ ಹೇಳಿದೆ? ಹಳಬನಿಗೂ ಅದೇ ಬೆಲೆ ಕೊಡಿ, ಕಳೆದ ವರ್ಷ ಹೆಚ್ಚಿಗೆ ಪಡೆದದ್ದನ್ನು ಈ ವರ್ಷದ ಲೆಕ್ಕಕ್ಕೆ ಹಿಡಿಯಿರಿ. ಅಷ್ಟೇ.

ಮಾಟುಂಗದ ರಾಯರು:
ಎಲ್ಲರಿಗೂ ವಂದನೆಗಳು. ಇಂದು ಬೆಳಿಗ್ಗೆ ಅವನೊಡನೆ ಮಾತಾಡಿದೆ. ವಸಂತಿಯವರು ಹೇಳಿದ ಎರಡನ್ನೂ, ಜೊತೆಗೆ ತಂಡ ಗೆದ್ದರೂ ಮೂರು ವರ್ಷ ಬೆಲೆ ಏರಿಸಬಾರದು ಎಂಬುದನ್ನೂ ಪತ್ರದಲ್ಲಿ ಕೇಳುತ್ತಾನೆ. ಒಪ್ಪದಿದ್ದರೆ ಸೀಟು ಬಿಡುತ್ತಾನಂತೆ. "ಬಿಟ್ಟರೂ ಆಟ ನೋಡುವುದನ್ನು ಬಿಡಲಾರೆ ಮಾವ" ಎಂದ. ಉತ್ತರ ಬಂದ ದಿನ ಇಲ್ಲಿಯೇ ತಿಳಿಸುತ್ತೇನೆ.