ಮನೆಮಂದಿ ಗುಂಪು: ಹೆಸರಿಗೆ ಕಟ್ಟೋದೋ, ಕಲಿಕೆಗೆ ಕಟ್ಟೋದೋ?

ದೊಡ್ಡಪ್ಪ: [ಚಿತ್ರ: ‘ಅತಿ ಹೆಚ್ಚು ಸಂಬಳ ಕೊಡಿಸುವ ಹತ್ತು ಎಂಜಿನಿಯರಿಂಗ್ ಕಾಲೇಜುಗಳು’. ಹಲವು ಬಾರಿ ಫಾರ್ವರ್ಡ್ ಆಗಿದೆ]

ದೊಡ್ಡಪ್ಪ: ಅನಘಾಗೆ ರೊಬೊಟಿಕ್ಸ್ ಸೀಟು ಸಿಕ್ಕಿರೋ ಕಾಲೇಜು 3ನೇ ನಂಬರಿನಲ್ಲಿದೆ ನೋಡಿ. ಸರಾಸರಿ ಪ್ಯಾಕೇಜೂ ಬರೆದಿದಾರೆ. ಇನ್ನು ಯೋಚನೆ ಯಾಕೆ, ಫೀಸು ಕಟ್ಟಿಬಿಡೋದೇ.

ಸುಧಾ ಅತ್ತೆ: ಅಣ್ಣ, ಆ ಸಂಬಳ ಬರೋದು ನಾಲ್ಕು ವರ್ಷ ಆದಮೇಲೆ. ಫೀಸು ಕಟ್ಟಬೇಕಾಗಿರೋದು ಈಗ. ಮೆಕ್ಯಾನಿಕಲ್ ಸಿಕ್ಕಿರೋ ಕಡೆ ನಾಲ್ಕೂ ವರ್ಷದ ಫೀಸು ಕೂಡಿಸಿದ್ರೂ ಇದರ ಒಂದು ವರ್ಷದ್ದಕ್ಕೆ ಸಮ ಆಗಲ್ಲ.

ಪಲ್ಲವಿ ಅಕ್ಕ: ಅಪ್ಪಾ, ಸರಾಸರಿ ನೋಡಿ ಮರುಳಾಗಬೇಡಿ. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ತಲಾ 4 ಸಿಕ್ಕಿ, ಒಬ್ಬನಿಗೆ 64 ಸಿಕ್ಕಿದ್ರೆ ಸರಾಸರಿ 10 ಬರುತ್ತೆ. ಆ 10 ಅಲ್ಲಿ ಯಾರಿಗೂ ಸಿಕ್ಕಿಲ್ಲ. ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ಮಧ್ಯದಲ್ಲಿ ನಿಂತವನಿಗೆ ಎಷ್ಟು, ಅದನ್ನ ಕೇಳಬೇಕು. ಕೆಲಸವೇ ಸಿಗದವರನ್ನ ಲೆಕ್ಕಕ್ಕೆ ಹಿಡಿದಿದಾರಾ ಅಂತಾನೂ.

ದೊಡ್ಡಪ್ಪ: ನಿನ್ನನ್ನ ಓದಿಸಿದ್ದಕ್ಕೆ ನನಗೇ ಪಾಠ.

ರವಿ ಚಿಕ್ಕಪ್ಪ: ಸಾಲ ಸಿಗುತ್ತಲ್ಲ. ಕೆಲಸಕ್ಕೆ ಸೇರಿದಮೇಲೆ ಅವಳೇ ತೀರಿಸ್ತಾಳೆ.

ಸುಧಾ ಅತ್ತೆ: ಬ್ಯಾಂಕಿನಲ್ಲಿ ಕೂತು ಸಾಲ ಕೊಟ್ಟವಳು ನಾನು, ಕೇಳು. ಬಡ್ಡಿ ಶೇ 10 ಅಂತಿಟ್ಕೋ. 100 ತಗೊಂಡು ನಾಲ್ಕು ವರ್ಷ ಏನೂ ಕಟ್ಟದಿದ್ರೆ ಬ್ಯಾಂಕು ಚಕ್ರಬಡ್ಡಿ ಹಾಕಿದ್ರೆ 146 ಆಗುತ್ತೆ.

ರವಿ ಚಿಕ್ಕಪ್ಪ: ಅಕ್ಕ, ಪೂರ್ತಿ ಸಾಲ ಮೊದಲ ದಿನವೇ ಕೈಗೆ ಬರಲ್ಲವಲ್ಲ. ವರ್ಷಕ್ಕೆ 25ರ ಹಾಗೆ ಕಾಲೇಜಿಗೆ ಹೋಗುತ್ತೆ. ಕೊನೇ 25ಕ್ಕೆ ಒಂದೇ ವರ್ಷದ ಬಡ್ಡಿ.

ಸುಧಾ ಅತ್ತೆ: ಸರಿ, ಹಾಗೆ ನೋಡಿದ್ರೆ 128ರ ಹತ್ತಿರ. ಮೊದಲ ಸಂಬಳ ಬರೋಕೆ ಮುಂಚೆನೇ ಕಾಲು ಭಾಗಕ್ಕಿಂತ ಜಾಸ್ತಿ ಬೆಳೆದಿರುತ್ತೆ. ಅದಕ್ಕಿಂತ ನನಗೆ ಚಿಂತೆ ಬೇರೆ. ಕಂತು ತಲೆ ಮೇಲೆ ಇರೋ ಹುಡುಗಿ ಮೊದಲು ಸಿಕ್ಕ ಕೆಲಸಕ್ಕೆ ಹೂಂ ಅನ್ನಲೇಬೇಕು. ಕಲಿಯೋಕೆ ಒಳ್ಳೇ ಜಾಗ ಆದ್ರೆ ಸಂಬಳ ಕಮ್ಮಿ ಅಂದ್ರೆ ಬಿಟ್ಟುಬಿಡಬೇಕು. ಎಂ.ಟೆಕ್ ಮಾಡ್ತೀನಿ ಅಂದ್ರೂ ಮೊದಲು ಕಂತಿನ ಲೆಕ್ಕ.

ದೊಡ್ಡಪ್ಪ: ಹಾಗಾದ್ರೆ ದೊಡ್ಡ ಕಾಲೇಜಿನ ಹೆಸರಿಗೆ ಬೆಲೆಯೇ ಇಲ್ವಾ?

ಪಲ್ಲವಿ ಅಕ್ಕ: ಅದನ್ನ ಅಳೆದು ನೋಡಿದಾರೆ ಅಪ್ಪ. ಅಮೆರಿಕದ ಸ್ಟೇಸಿ ಡೇಲ್, ಅಲನ್ ಕ್ರೂಗರ್ ಅನ್ನೋ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ್ದು. 1976ರಲ್ಲಿ ಕಾಲೇಜು ಸೇರಿದವರ ಮುಂದಿನ ಸಂಪಾದನೆ ನೋಡಿದ್ರು. ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ, ಸೀಟೂ ಪಡೆದವರಲ್ಲಿ ಹೆಸರಾಂತ ಕಾಲೇಜಿಗೆ ಹೋದವರಿಗೂ ಅದನ್ನ ಬಿಟ್ಟು ಬೇರೆ ಕಡೆ ಸೇರಿದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಜೋರಿದ್ದಿದ್ದು ಕಾಲೇಜಲ್ಲ, ಓದಿದ ಮಕ್ಕಳು.

ರವಿ ಚಿಕ್ಕಪ್ಪ: ಪೂರ್ತಿ ಹೇಳಮ್ಮ. ಬಡ ಮನೆಯಿಂದ ಬಂದವರಿಗೆ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು ಅಂತಲೂ ಅದರಲ್ಲೇ ಇದೆ. ಶಿಫಾರಸು ಮಾಡೋರು ಯಾರೂ ಇಲ್ಲದವರಿಗೆ ಕಾಲೇಜಿನ ಹೆಸರೇ ಶಿಫಾರಸು. ಮತ್ತೆ ಅದು ಎಂಜಿನಿಯರಿಂಗಿಗೆ ಅಂತ ಮಾಡಿದ್ದೂ ಅಲ್ಲ.

ಪಲ್ಲವಿ ಅಕ್ಕ: ಒಪ್ಪಿದೆ ಚಿಕ್ಕಪ್ಪ. ಆದ್ರೆ ಇಲ್ಲಿ ನೋಡಬೇಕಾಗಿರೋದು ಕಾಲೇಜನ್ನಲ್ಲ, ಕೋರ್ಸನ್ನ. ಆ ರೊಬೊಟಿಕ್ಸ್ ಶುರುವಾಗಿ ಎರಡೇ ವರ್ಷ, ಒಂದು ಬ್ಯಾಚೂ ಹೊರಗೆ ಬಂದಿಲ್ಲ. ಪಟ್ಟಿಯಲ್ಲಿರೋ ಪ್ಯಾಕೇಜು ಬೇರೆ ಬ್ರಾಂಚಿನವರದ್ದು! ಎಂಜಿನಿಯರಿಂಗ್‌ನಲ್ಲಿ ಅಕ್ರೆಡಿಟೇಶನ್, ಅಂದ್ರೆ ಗುಣಮಟ್ಟ ನೋಡಿ ಕೊಡೋ ಮಾನ್ಯತೆ, ಸಿಗೋದು ಒಂದೊಂದು ಕೋರ್ಸಿಗೆ, ಅದೂ ಸಾಮಾನ್ಯವಾಗಿ ಬ್ಯಾಚು ಓದಿ ಹೊರಬಿದ್ದ ಮೇಲೆ. ವಾಷಿಂಗ್ಟನ್ ಅಕಾರ್ಡ್ ಅಂತ 1989ರಲ್ಲಿ ಆರು ದೇಶಗಳ ಮಾನ್ಯತೆ ಕೊಡೋ ಸಂಸ್ಥೆಗಳು ಸೇರಿ ಮಾಡಿಕೊಂಡ ಒಪ್ಪಂದ ಇದೆ, ಆಮೇಲೆ ಬೇರೆಯವರೂ ಸೇರಿದ್ರು. ಒಂದು ದೇಶ ಮಾನ್ಯ ಮಾಡಿದ ಎಂಜಿನಿಯರಿಂಗ್ ಪದವೀನ ಉಳಿದವರೂ ಸರಿಸಮ ಅಂತ ಒಪ್ಪೋದು. ಅಲ್ಲೂ ಲೆಕ್ಕಕ್ಕೆ ಬರೋದು ಕೋರ್ಸಿಗೆ ಸಿಕ್ಕ ಮಾನ್ಯತೆ. ಮೆಕ್ಯಾನಿಕಲ್‌ಗೆ ಅದು ಇದೆ, ನಾನು ನೋಡಿದೆ.

ಅಮ್ಮ: ಆ ಮೆಕ್ಯಾನಿಕಲ್ ಕಾಲೇಜಿನಲ್ಲಿ ಮೇಷ್ಟ್ರೇ ಇಲ್ಲ ಅಂತಾರಲ್ಲ ಪಲ್ಲವಿ?

ರವಿ ಚಿಕ್ಕಪ್ಪ: ನಾನೂ ಅದನ್ನೇ ಹೇಳಬೇಕು ಅಂತಿದ್ದೆ. ಅಗ್ಗ ಅಂತ ಸೇರಿ, ಪಾಠ ನಡೀದೆ ಪೇಪರ್ ಉಳಿದು ಒಂದು ವರ್ಷ ಹೆಚ್ಚು ಕೂತರೆ ಹೋಗೋದು ಒಂದು ವರ್ಷದ ಸಂಬಳ. ಉಳಿಸಿದ ಫೀಸು ಅಲ್ಲಿಗೆ ಸರಿಹೋಯ್ತು.

ಸುಧಾ ಅತ್ತೆ: ಪಾಸಾಗದ ಹುಡುಗೀನಾ ನಮ್ಮ ಅನಘಾ?

ರವಿ ಚಿಕ್ಕಪ್ಪ: ಅಕ್ಕ, ನಾನು ಹೇಳಿದ್ದು ಕಾಲೇಜಿನ ವಿಷಯ.

ದೊಡ್ಡಪ್ಪ: ಓದೋಳು ಏನಂತಾಳೆ? ಬೆಳಿಗ್ಗೆಯಿಂದ ನೀಲಿ ಟಿಕ್ ಕಾಣ್ತಿದೆ, ಮಾತಿಲ್ಲ.

ನಾನು: ಎಲ್ಲರೂ ಮುಗಿಸಲಿ ಅಂತ ಕಾಯ್ತಿದ್ದೆ ದೊಡ್ಡಪ್ಪ. ಎರಡೂ ಕಡೆ ಸೀನಿಯರ್ಸ್‌ಗೆ ಮೆಸೇಜ್ ಮಾಡಿ, ಲ್ಯಾಬಿನಲ್ಲಿ ಮೆಷಿನ್ ನೀವೇ ಓಡಿಸ್ತೀರಾ ಅಂತ ಕೇಳಿದೆ. ರೊಬೊಟಿಕ್ಸ್ ಕಡೆ ಇರೋದು ಒಂದೇ ರೋಬೋಟ್. ಡೆಮೊ ತೋರಿಸ್ತಾರೆ, ಇವರು ಸುತ್ತ ನಿಂತು ರೆಕಾರ್ಡ್ ಬರೀತಾರೆ. ಮೆಕ್ಯಾನಿಕಲ್ ಕಡೆ ಲೇತ್, ಮಿಲ್ಲಿಂಗ್ ಮೆಷಿನ್ ಹಳೇದೇ, ಆದ್ರೆ ಜಾಬ್, ಅಂದ್ರೆ ಮಾಡೋಕೆ ಕೊಟ್ಟ ಲೋಹದ ಭಾಗ, ಪೂರ್ತಿ ತಾವೇ ಮಾಡಿ ಮುಗಿಸ್ತಾರಂತೆ. ಅಮ್ಮ ಹೇಳಿದ್ದೂ ನಿಜ. ಕಂಟ್ರೋಲ್ ಸಿಸ್ಟಮ್ಸ್ (ಯಂತ್ರಗಳ ನಿಯಂತ್ರಣದ ವಿಷಯ) ಹೇಳಿಕೊಡ್ತಿದ್ದ ಮೇಷ್ಟ್ರು ಬಿಟ್ಟುಹೋಗಿದಾರೆ, ಈಗ ಗೆಸ್ಟ್ ಲೆಕ್ಚರರ್.

ನಾನು: ಕೋಡಿಂಗ್ ನಾನು ಮನೇಲಿ ಕೂತು ಕಲೀಬಹುದು. ಲೇತ್ ಮನೆಗೆ ತರೋಕಾಗಲ್ಲ. ಕಂಪ್ಯೂಟರ್ ಸೈನ್ಸ್ ತಗೊಂಡಿದ್ರೆ ನಾನೇ ಬೇರೆ ಥರ ಲೆಕ್ಕ ಹಾಕ್ತಿದ್ದೆನೇನೋ.

ದೊಡ್ಡಪ್ಪ: ನಾಳೆ ಇಂಟರ್‌ವ್ಯೂನಲ್ಲಿ ಯಾವ ಕಾಲೇಜು ಅಂತ ಕೇಳಿದಾಗ?

ಪಲ್ಲವಿ ಅಕ್ಕ: ಕೇಳ್ತಾರೆ, ಸುಳ್ಳು ಹೇಳಲ್ಲ. ನಮ್ಮ ಆಫೀಸಿನಲ್ಲೂ ರೆಸ್ಯೂಮೆ ಜರಡಿ ಹಿಡಿಯೋವಾಗ ಕಾಲೇಜಿನ ಹೆಸರಿಗೆ ಕಣ್ಣು ಹೋಗುತ್ತೆ. ಇವಳಿಗೆ ಆ ಮೊದಲ ಬಾಗಿಲು ಸ್ವಲ್ಪ ಬಿಗಿ ಇರುತ್ತೆ. ಒಳಗೆ ಬಂದು ಎದುರಿಗೆ ಕೂತಮೇಲೆ ನಾನು ಕೇಳೋದು ಪ್ರಾಜೆಕ್ಟಿನಲ್ಲಿ ನೀನು ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ ಅಂತ.

ಸುಧಾ ಅತ್ತೆ: ಫೀಸಿನಲ್ಲಿ ಉಳಿಯೋದರಲ್ಲಿ ಒಂದು ಪಾಲು ಅವಳ ಪ್ರಾಜೆಕ್ಟು, ಇಂಟರ್ನ್‌ಶಿಪ್‌ಗೆ ಅಂತಲೇ ಎತ್ತಿಡಿ ಅತ್ತಿಗೆ. ಇಲ್ಲದಿದ್ರೆ ಮನೆ ಖರ್ಚಿನಲ್ಲಿ ಕರಗಿಹೋಗುತ್ತೆ.

ಅಮ್ಮ: ಸರಿ ಸುಧಾ. ಮಂಗಳವಾರ ಕಡೇ ದಿನ. ಕಂಟ್ರೋಲ್ ಸಿಸ್ಟಮ್ಸ್‌ಗೆ ಕಾಯಂ ಮೇಷ್ಟ್ರು ಬರ್ತಾರಾ ಅಂತ ಸೋಮವಾರ ಡಿಪಾರ್ಟ್‌ಮೆಂಟಿಗೇ ಹೋಗಿ ಕೇಳ್ತೀವಿ. ಭಾವ, ನೀವೂ ಬನ್ನಿ. ನೀವು ಕೇಳಿದ್ರೆ ಉತ್ತರ ಕೊಡ್ತಾರೆ.

ದೊಡ್ಡಪ್ಪ: ಬರ್ತೀನಿ. ಆದ್ರೆ ರೋಬೋಟ್ ಕಾಲೇಜನ್ನೂ ಕಣ್ಣಾರೆ ನೋಡಿಯೇ ತೀರ್ಮಾನ.

ಅಮ್ಮ: ಬೆಳಿಗ್ಗೆ ಅದು, ಮಧ್ಯಾಹ್ನ ಇದು. ಅನಘಾ, ಎರಡೂ ಕಡೆ ಲ್ಯಾಬು ಎಷ್ಟು ಹೊತ್ತಿಗೆ ತೆರೆದಿರುತ್ತೆ ಕೇಳಿಡು.