ಶುಗರ್ ಒಪಿಡಿಯಲ್ಲಿ ಕನ್ನಡ ಪಿಎಚ್‌ಕ್ಯೂ-9: 100 ಜನ ಸಾಕಾ, ಯಾರಿಗೆಲ್ಲ ಸಂದರ್ಶನ ಮಾಡಿಸಬೇಕು?

ಕೋಲಾರ_ಪಿಜಿ

ಎಲ್ಲರಿಗೂ ನಮಸ್ಕಾರ. ಜನರಲ್ ಮೆಡಿಸಿನ್ ಎಂಡಿ ಥೀಸಿಸ್‌ಗೆ ಸಿನಾಪ್ಸಿಸ್ (ಅಧ್ಯಯನದ ಯೋಜನೆ) ಬರೀತಿದ್ದೀನಿ. ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಹಿಡಿಯೋಕೆ ಕನ್ನಡದ ಪಿಎಚ್‌ಕ್ಯೂ-9 (ಒಂಬತ್ತು ಪ್ರಶ್ನೆಯ ಪ್ರಶ್ನಾವಳಿ) ಎಷ್ಟರಮಟ್ಟಿಗೆ ನಂಬಬಹುದು ಅನ್ನೋದು ವಿಷಯ. ಒಪಿಡಿಗೆ ಬರುವ 100 ಜನಕ್ಕೆ ಪ್ರಶ್ನಾವಳಿ, 10 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಮಾತ್ರ ಸೈಕಿಯಾಟ್ರಿಗೆ ಕಳಿಸಿ ಮಿನಿ (ಮಾನಸಿಕ ಕಾಯಿಲೆ ಖಚಿತಪಡಿಸೋ ಸಿದ್ಧ ಪ್ರಶ್ನೆಗಳ ಸಂದರ್ಶನ), ಆಮೇಲೆ ಸೆನ್ಸಿಟಿವಿಟಿ (ಖಿನ್ನತೆ ಇರೋರಲ್ಲಿ ಎಷ್ಟು ಜನ ಪಾಸಿಟಿವ್), ಸ್ಪೆಸಿಫಿಸಿಟಿ (ಇಲ್ಲದವರಲ್ಲಿ ಎಷ್ಟು ಜನ ನೆಗೆಟಿವ್) ಲೆಕ್ಕ. ಇಷ್ಟೇ ಪ್ಲಾನ್. ಸೈಕಿಯಾಟ್ರಿಯವರು ದಿನಕ್ಕೆ ಮೂರು ಜನಕ್ಕಿಂತ ಹೆಚ್ಚು ಆಗಲ್ಲ ಅಂದಿದ್ದಾರೆ.

100 ಸಾಕಾ? ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬರೋರಲ್ಲಿ ತುಂಬ ಜನ ತೆಲುಗು, ಕೆಜಿಎಫ್‌ನವರು ತಮಿಳು, ಅವರನ್ನು ಬಿಟ್ಟುಬಿಡಲಾ? ಇನ್ನೊಂದು, ಸುಸ್ತು, ನಿದ್ದೆ, ಹಸಿವು ಅಂತ ಕೇಳಿದರೆ ಶುಗರ್ ಇರೋರೆಲ್ಲ ಹೌದು ಅಂತಾರೆ. ಆ ಮೂರು ಪ್ರಶ್ನೆ ತೆಗೆದು ಆರು ಇಟ್ಟುಕೊಂಡರೆ ನಡೆಯುತ್ತಾ?

ಅಂಕಿಅಂಶ_ತುಮಕೂರು

ಸಂಖ್ಯೆಗಿಂತ ಮೊದಲು ಪ್ಲಾನ್ ಸರಿಮಾಡಿ. 10 ದಾಟಿದವರಿಗೆ ಮಾತ್ರ ಮಿನಿ ಮಾಡಿಸಿದರೆ, ಖಿನ್ನತೆ ಇದ್ದೂ ಸ್ಕೋರ್ ಕಡಿಮೆ ಬಂದವರು ನಿಮ್ಮ ಕಣ್ಣಿಗೇ ಬೀಳಲ್ಲ. ಆಗ ಸೆನ್ಸಿಟಿವಿಟಿ 100% ಬರುತ್ತೆ, ಯಾವ ಪ್ರಶ್ನಾವಳಿ ಇಟ್ಟರೂ ಬರುತ್ತೆ. ಸ್ಪೆಸಿಫಿಸಿಟಿ ಲೆಕ್ಕ ಹಾಕೋಕೆ ಸರಿಯಾದ ನೆಗೆಟಿವ್‌ಗಳೇ ಇರಲ್ಲ. ವೆರಿಫಿಕೇಶನ್ ಬಯಾಸ್ ಅನ್ನೋದು ಇದನ್ನೇ. ಸ್ಕ್ರೀನಿಂಗ್ ಥೀಸಿಸ್‌ಗಳು ಹೆಚ್ಚಾಗಿ ಮುಗ್ಗರಿಸೋ ಜಾಗವೂ ಇದೇ.

ಒಂದು ಕಾಲ್ಪನಿಕ ಲೆಕ್ಕ ನೋಡಿ. 400 ಜನಕ್ಕೆ ಪಿಎಚ್‌ಕ್ಯೂ-9 ಆಯ್ತು. 100 ಜನ ಪಾಸಿಟಿವ್, ಅವರೆಲ್ಲರಿಗೂ ಮಿನಿ ಆಯ್ತು, 60 ಜನಕ್ಕೆ ಖಿನ್ನತೆ ಇದೆ. ಉಳಿದ 300ರಲ್ಲಿ ಚೀಟಿ ಎತ್ತಿ 75 ಜನಕ್ಕೆ ಮಿನಿ ಮಾಡಿಸಿದಿರಿ, 5 ಜನಕ್ಕೆ ಖಿನ್ನತೆ ಸಿಕ್ಕಿತು. ನಾಲ್ಕರಲ್ಲಿ ಒಬ್ಬರನ್ನು ನೋಡಿದ್ದೀರಿ, ಹಾಗಾಗಿ ಆ 5 ಅಂದರೆ 20. ಸೆನ್ಸಿಟಿವಿಟಿ 60/80, 75%. ಈ ತೂಕ ಹಾಕೋದು ಮರೆತು 60/65 ಅಂತ ಬರೆದರೆ 92%. ಸ್ಪೆಸಿಫಿಸಿಟಿ ಅದರ ಉಲ್ಟಾ ಹೋಗುತ್ತೆ: ತೂಕ ಹಾಕಿದರೆ 280/320, ಅಂದರೆ 87.5%, ಹಾಕದಿದ್ದರೆ 70/110, ಸುಮಾರು 64%. ಡೇಟಾ ಒಂದೇ, ಉತ್ತರ ಮಾತ್ರ ಎರಡು. ಈ ತಿದ್ದುಪಡಿಗೆ ಬೆಗ್-ಗ್ರೀನ್ಸ್ ವಿಧಾನ ಅಂತ ಹೆಸರು, 1983ರಿಂದ ಬಳಕೆಯಲ್ಲಿದೆ.

ಈಗ ಸಂಖ್ಯೆ. ಸೆನ್ಸಿಟಿವಿಟಿ 85% ಇರಬಹುದು, ಆಚೀಚೆ 10% ತಪ್ಪಿದರೂ ಪರವಾಗಿಲ್ಲ ಅಂತ ಇಟ್ಟುಕೊಳ್ಳಿ: 1.96ರ ವರ್ಗ × 0.85 × 0.15, ಅದನ್ನು 0.10ರ ವರ್ಗದಿಂದ ಭಾಗಿಸಿದರೆ 49. ಇದು ಖಿನ್ನತೆ ಇರುವವರ ಸಂಖ್ಯೆ, ಒಟ್ಟು ಸಂಖ್ಯೆ ಅಲ್ಲ. ನಿಮ್ಮ ಒಪಿಡಿಯಲ್ಲಿ ನೂರಕ್ಕೆ 20 ಜನಕ್ಕೆ ಖಿನ್ನತೆ ಇದ್ದರೆ 49 ÷ 0.20 = 245 ಜನ ಬೇಕು. ನೂರಕ್ಕೆ 15 ಅಂದುಕೊಂಡರೆ 327. ಆಚೀಚೆ 7% ಮಾತ್ರ ಬೇಕು ಅಂತ ಗೈಡ್ ಹಟ ಹಿಡಿದರೆ 500. 100 ಜನ ಸೇರಿಸಿದರೆ ಖಿನ್ನತೆ ಇರೋರು 20 ಸಿಗ್ತಾರೆ, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಅಷ್ಟಗಲ ತೆರೆದುಕೊಳ್ಳುತ್ತೆ.

245 ಜನಕ್ಕೂ ಮಿನಿ ಮಾಡಿಸಿದರೆ ದಿನಕ್ಕೆ ಮೂರರಂತೆ 82 ಒಪಿಡಿ ದಿನ. ಒಂದೂವರೆ ವರ್ಷ ಡೇಟಾ ಕೂಡಿಸೋಕೆ ಸಿಗುತ್ತೆ ಅಂದರೆ ಇದೇನು ಮಹಾ ಅಲ್ಲ, ನನ್ನ ಮಟ್ಟಿಗೆ ಇದೇ ಶುದ್ಧವಾದ ದಾರಿ. ಆಗದಿದ್ದರೆ 400ರ ಪ್ಲಾನ್‌ಗೆ ಹೋಗಿ, 175 ಸಂದರ್ಶನ. ಆದರೆ ನೆಗೆಟಿವ್‌ಗಳನ್ನು ಒಂದೇ ಗುಂಪು ಮಾಡಬೇಡಿ. 5ರಿಂದ 9 ಬಂದವರಲ್ಲಿ ಅರ್ಧ ಜನ, 0ಯಿಂದ 4 ಬಂದವರಲ್ಲಿ ಹತ್ತಕ್ಕೊಬ್ಬರು ಅಂತ ಆರಿಸಿ. ತಪ್ಪಿಹೋದವರು ಹೆಚ್ಚಾಗಿ ಆ 5-9ರಲ್ಲೇ ಕೂತಿರ್ತಾರೆ. ಯಾರನ್ನು ಕರೀಬೇಕು ಅನ್ನೋದನ್ನು ಕಂಪ್ಯೂಟರ್ ಪಟ್ಟಿ ಹೇಳಲಿ. "ಇವತ್ತು ಯಾರು ಕಾಯೋಕೆ ಒಪ್ತಾರೋ ಅವರು" ಅಂತ ಮಾಡಿದರೆ ಮೇಲಿನ ಲೆಕ್ಕ ಯಾವುದೂ ನಿಲ್ಲಲ್ಲ.

ಮನೋವೈದ್ಯೆ_ತುಮಕೂರು

ಮೇಲಿನವರ ಲೆಕ್ಕಕ್ಕೆ ಪೂರ್ತಿ ಒಪ್ಪಿಗೆ. ಒಂದೇ ಸೇರಿಸ್ತೀನಿ: ಮಿನಿ ಮಾಡುವವರಿಗೆ ಪಿಎಚ್‌ಕ್ಯೂ ಸ್ಕೋರ್ ಗೊತ್ತಾಗಬಾರದು. ರೆಫರಲ್ ಚೀಟಿ ಮೇಲೆ "ಪಿಎಚ್‌ಕ್ಯೂ 17" ಅಂತ ಬರೆದು ಕಳಿಸಿದರೆ ಮುಗೀತು, ಸಂದರ್ಶನ ಅದೇ ದಿಕ್ಕಿಗೆ ವಾಲುತ್ತೆ. ಪಾಸಿಟಿವ್, ನೆಗೆಟಿವ್ ಇಬ್ಬರನ್ನೂ ಒಂದೇ ಥರದ ನಂಬರ್ ಚೀಟಿ ಕೊಟ್ಟು ಕಳಿಸಿ, ಸ್ಕೋರ್ ಮುಚ್ಚಿದ ಕವರ್‌ನಲ್ಲಿರಲಿ. ಎರಡೂ ಒಂದೇ ದಿನ ಆದರೆ ಒಳ್ಳೇದು. ವಾರ ದಾಟಿದರೆ ಮನಸ್ಥಿತಿಯೇ ಬದಲಾಗಿರುತ್ತೆ. ಪ್ರಶ್ನಾವಳಿ ಕೇಳೋದೇ ಹಿಂದಿನ ಎರಡು ವಾರದ ಬಗ್ಗೆ.

ಪ್ರಶ್ನೆ ತೆಗೆಯೋದು ಬೇಡ. ಆರು ಇಟ್ಟರೆ ಅದು ಪಿಎಚ್‌ಕ್ಯೂ-9 ಅಲ್ಲ, 10ರ ಕಟ್‌ಆಫ್‌ಗೂ (ಪಾಸಿಟಿವ್ ಅನ್ನೋ ಗಡಿ ಅಂಕಕ್ಕೂ) ಅರ್ಥ ಉಳಿಯಲ್ಲ. ಆ ಕಟ್‌ಆಫ್ ಬಂದಿದ್ದು 2001ರ ಮೂಲ ಅಧ್ಯಯನದಿಂದ (ಅಲ್ಲಿ 10ಕ್ಕೆ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ 88%), ಅದೂ ಒಂಬತ್ತೂ ಪ್ರಶ್ನೆ ಸೇರಿಸಿ 27ಕ್ಕೆ. ಒಂಬತ್ತನ್ನೂ ಹಾಗೇ ಕೇಳಿ. ಜೊತೆಗೆ ಮೊದಲ ಎರಡು ಪ್ರಶ್ನೆಗಳ ಮೊತ್ತ 3 ಮತ್ತು ಮೇಲೆ, ಅಂದರೆ ಪಿಎಚ್‌ಕ್ಯೂ-2, ಬೇರೆಯಾಗಿ ಲೆಕ್ಕ ಹಾಕಿ ತೋರಿಸಿ. ದೇಹದ ಲಕ್ಷಣಗಳಿಂದ ಸ್ಕೋರ್ ಎಷ್ಟು ಉಬ್ಬಿದೆ ಅನ್ನೋದು ಆ ಹೋಲಿಕೆಯಲ್ಲೇ ಗೊತ್ತಾಗುತ್ತೆ.

ಉಬ್ಬೋಕೆ ಕಾರಣಗಳನ್ನು ಹಾಳೆಯಲ್ಲೇ ಬರೆದಿಟ್ಟುಕೊಳ್ಳಿ. ರಾತ್ರಿ ಮೂರು ಸಲ ಒಂದಕ್ಕೆ ಎದ್ದರೆ ನಿದ್ದೆ ಕೆಡುತ್ತೆ. ನಿದ್ದೆ ಹತ್ತಲ್ವಾ, ಇಲ್ಲಾ ಎದ್ದೇಳಬೇಕಾಗುತ್ತಾ ಅಂತ ಬಿಡಿಸಿ ಕೇಳಿ ಪಕ್ಕದ ಕಾಲಂನಲ್ಲಿ ಗುರುತು ಹಾಕಿ, ಆದರೆ ಅಂಕ ಬದಲಾಯಿಸಬೇಡಿ. ಎಲ್ಲರಿಗೂ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಇರಲಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯುತ್ತೆ. ಸುಸ್ತು, ಜೋಮು, ಮರೆವು ಮೂರೂ ಅದರಿಂದಲೇ ಬರಬಹುದು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರೋದಕ್ಕಿಂತ ಹೆಚ್ಚು ತೋರಿಸುತ್ತೆ, ಹಾಗಾಗಿ "ಖಿನ್ನತೆ ಇರೋರಲ್ಲಿ ಶುಗರ್ ಹತೋಟಿ ಇಲ್ಲ" ಅನ್ನೋ ವಾಕ್ಯ ಬರೆಯೋ ಮುಂಚೆ ಹಿಮೋಗ್ಲೋಬಿನ್ ಕಾಲಂ ನೋಡಿ. ತೂಕ ಇಳಿದಿದೆ, ಸಂಜೆ ಜ್ವರ ಇದೆ ಅಂದರೆ ಮೊದಲು ಟಿಬಿ.

ಪಾದ ಉರಿಗೆ ಅಂತ ಅಮಿಟ್ರಿಪ್ಟಿಲಿನ್ 10 ಮಿಗ್ರಾಂ ರಾತ್ರಿ ತಗೊಳ್ತಿರೋರು ನಿಮ್ಮ ಒಪಿಡಿಯಲ್ಲಿ ಬೇಕಾದಷ್ಟು ಸಿಗ್ತಾರೆ. ಅದು ಖಿನ್ನತೆಗೆ ಸಾಕಾಗೋ ಡೋಸ್ ಅಲ್ಲ, ಆದರೆ ನಿದ್ದೆಯ ಅಂಕ ಇಳಿಸುತ್ತೆ. ಸೇರಿಸ್ತೀರೋ ಬಿಡ್ತೀರೋ ಮೊದಲೇ ತೀರ್ಮಾನಿಸಿ ಪ್ರೋಟೋಕಾಲ್‌ನಲ್ಲಿ ಬರೆದುಬಿಡಿ.

ಹಣದ ವಿಚಾರವೂ ಇದೆ. ಪಿಎಚ್‌ಕ್ಯೂ-9 ಬಳಸಲು ಯಾರ ಅನುಮತಿಯೂ ಬೇಡ. ಮಿನಿಗೆ ಲೈಸೆನ್ಸ್ ಬೇಕು. ಫೋಟೋಕಾಪಿ ಕೈಬದಲಾಗುತ್ತೆ ಅಂತ ಅದನ್ನೇ ಬಳಸಿದರೆ ಪ್ರಕಟಿಸೋ ಹೊತ್ತಿಗೆ ತೊಂದರೆ.

ಫೀಲ್ಡ್_ಬಾಗೇಪಲ್ಲಿ

ಭಾಷೆ ಬಗ್ಗೆ. ತೆಲುಗು ಮಾತಾಡೋರನ್ನು ಬಿಟ್ಟರೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಯ ಅರ್ಧ ಚಿತ್ರವೇ ಹೋಯ್ತು, ಸರ್. ಆದರೆ "ಕನ್ನಡ ಪಿಎಚ್‌ಕ್ಯೂ-9" ಅನ್ನೋ ಶೀರ್ಷಿಕೆ ಇಟ್ಟುಕೊಂಡು, ಕನ್ನಡ ಹಾಳೆ ನೋಡ್ತಾ ಬಾಯಲ್ಲಿ ತೆಲುಗು ಮಾಡಿ ಕೇಳೋದು ಅದಕ್ಕಿಂತ ಕೆಟ್ಟದ್ದು. ಎರಡರಲ್ಲೊಂದು ಮಾಡಿ: ಮನೆಯಲ್ಲಿ ಯಾವ ಭಾಷೆ ಆಡಿದರೂ ಕನ್ನಡದಲ್ಲಿ ಸಲೀಸಾಗಿ ಮಾತಾಡೋರನ್ನು ಮಾತ್ರ ಸೇರಿಸಿ, ಇಲ್ಲಾ ತೆಲುಗು, ತಮಿಳಿನ ಸಿದ್ಧ ಆವೃತ್ತಿ ತಗೊಂಡು ಭಾಷಾವಾರು ಫಲಿತಾಂಶ ಬೇರೆಬೇರೆ ಕೊಡಿ. ಎರಡನೇದಕ್ಕೆ ಜನ ಜಾಸ್ತಿ ಬೇಕು. ಒಬ್ಬ ಪಿಜಿ ಕೈಲಿ ಆಗೋದು ಮೊದಲನೇದೇ. ಮಗಳೋ ಸೊಸೆಯೋ ದುಭಾಷಿ ಆಗೋದಂತೂ ಬೇಡವೇ ಬೇಡ. ಸೊಸೆ ಎದುರಿಗೆ ಯಾವ ಅತ್ತೆ "ಬದುಕು ಸಾಕಾಗಿದೆ" ಅಂತಾರೆ?

ಕನ್ನಡದಲ್ಲೂ ಸಮಸ್ಯೆ ಇದೆ. "ಬೇಜಾರು" ಅಂದರೆ ದುಃಖವೂ ಹೌದು, ಹೊತ್ತು ಹೋಗದಿರೋದೂ ಹೌದು, ಯಾರ ಮೇಲೋ ಮುನಿಸೂ ಹೌದು. "ಆಸಕ್ತಿ" ಪುಸ್ತಕದ ಮಾತು; "ಯಾವುದಕ್ಕೂ ಮನಸ್ಸೇ ಬರಲ್ವಾ" ಅಂದರೆ ತಕ್ಷಣ ಅರ್ಥ ಆಗುತ್ತೆ. ಇಂಥ ಬಿಡಿಸಿ ಹೇಳೋ ವಾಕ್ಯಗಳನ್ನು ಪ್ರತಿ ಪ್ರಶ್ನೆಗೂ ಒಂದೊಂದು ಮೊದಲೇ ಬರೆದು, ಎಂಟ್ಹತ್ತು ಜನರ ಹತ್ತಿರ "ಈಗ ನಾನು ಕೇಳಿದ್ದು ಏನು ಅಂತ ನಿಮಗೆ ತಿಳೀತು?" ಅಂತ ವಿಚಾರಿಸಿ ನೋಡಿ. ಆಮೇಲೆ ಎಲ್ಲರಿಗೂ ಅದೇ ವಾಕ್ಯ, ಅಲ್ಲಲ್ಲೇ ಹೊಸೆಯೋದು ಬೇಡ.

"ಅರ್ಧಕ್ಕಿಂತ ಹೆಚ್ಚು ದಿನ", "ಹೆಚ್ಚುಕಮ್ಮಿ ದಿನಾ" ಅನ್ನೋ ಉತ್ತರಗಳು ವಯಸ್ಸಾದವರ ತಲೆಗೆ ಹತ್ತಲ್ಲ. 14 ಒಣ ಅವರೆಕಾಳು ಮುಂದಿಟ್ಟು "ಹೋದ ಎರಡು ವಾರದಲ್ಲಿ ಎಷ್ಟು ದಿನ ಹೀಗಿತ್ತೋ ಅಷ್ಟು ಕಾಳು ಈ ಕಡೆ ಸರಿಸಿ" ಅನ್ನಿ. 0-1 ಕಾಳು ಅಂದರೆ 0, 2-6ಕ್ಕೆ 1, 7-11ಕ್ಕೆ 2, 12-14ಕ್ಕೆ 3. ಸಂತೆಯಿಂದ ಸಂತೆಗೆ ಎಣಿಸೋರಿಗೆ "ಹೋದ ವಾರದ ಸಂತೆ, ಅದರ ಹಿಂದಿನ ಸಂತೆ" ಅಂತ ಗುರುತು ಕೊಟ್ಟರೆ ಎರಡು ವಾರ ಎಷ್ಟು ಅಂತ ಹೊಳೆಯುತ್ತೆ.

ಮತ್ತೊಂದು ಈ ಸೀಮೆಯದೇ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಎಲ್ಲಾ ಕಡೆ ಆಳದ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುಡಿಯೋ ನೀರಿನಲ್ಲಿ ಲೀಟರ್‌ಗೆ 1 ಮಿಗ್ರಾಂ ಮೀರಬಾರದು, ಬೇರೆ ನೀರಿಲ್ಲ ಅಂದರೆ 1.5ರ ತನಕ. ಅದನ್ನು ದಾಟಿದ ನೀರು ವರ್ಷಾನುಗಟ್ಟಲೆ ಕುಡಿದವರಲ್ಲಿ ಬೆನ್ನು, ಕುತ್ತಿಗೆ ಬಿಗಿದು, ಮೈಕೈ ನೋವಲ್ಲೇ ನಿದ್ದೆ ಹೋಗಿರುತ್ತೆ. ಹಲ್ಲಿನ ಕಂದು ಕಲೆ, ನೀರಿನ ಮೂಲ ಎರಡನ್ನೂ ಕೇಸ್ ಶೀಟ್‌ಗೆ ಸೇರಿಸಿ, ಎರಡು ನಿಮಿಷದ ಕೆಲಸ.

ಕೋಲಾರ_ಪಿಜಿ

ತುಂಬಾ ಥ್ಯಾಂಕ್ಸ್. 245 ಜನ, ಎಲ್ಲರಿಗೂ ಮಿನಿ ಅಂತ ಬದಲಾಯಿಸ್ತೀನಿ. ಒಂಬತ್ತನೇ ಪ್ರಶ್ನೆಗೆ (ಸಾಯಬೇಕು ಅನ್ನಿಸೋದು) ಯಾರಾದರೂ ಹೌದು ಅಂದರೆ ಏನು ಮಾಡಬೇಕು? ಕವರ್ ಮುಚ್ಚಿಡಿ ಅಂತೀರಲ್ಲ. ಮತ್ತೆ ಇದಕ್ಕೆ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್‌ಗಳ ರಾಷ್ಟ್ರೀಯ ದಾಖಲೆ) ನೋಂದಣಿ ಬೇಕಾ?

ಮನೋವೈದ್ಯೆ_ತುಮಕೂರು

ಒಂಬತ್ತನೇ ಪ್ರಶ್ನೆಗೆ ಕವರ್ ನಿಯಮ ಇಲ್ಲ. ಅಲ್ಲಿ 1 ಬಂದರೂ, ಒಟ್ಟು ಸ್ಕೋರ್ 4 ಇದ್ದರೂ, ಅವತ್ತೇ ನೋಡಬೇಕು. ಬ್ಲೈಂಡಿಂಗ್ (ಸ್ಕೋರ್ ಗೊತ್ತಿಲ್ಲದಿರೋದು) ಉಳಿಸಿಕೊಳ್ಳಲು ಮಿನಿ ಮಾಡದ ಇನ್ನೊಬ್ಬ ವೈದ್ಯರನ್ನು ಇದಕ್ಕೆ ಗೊತ್ತುಮಾಡಿಡಿ. ಉಳಿಸಿಕೊಳ್ಳಲು ಆಗದಿದ್ದರೆ ಬ್ಲೈಂಡಿಂಗ್ ಹೋಗಲಿ, ಆ ಕೇಸನ್ನು ಗುರುತು ಹಾಕಿಕೊಳ್ಳಿ. ಯೋಚನೆ ಮಾತ್ರವಾ, ಹೇಗೆ ಅಂತಲೂ ಅಂದುಕೊಂಡಿದ್ದಾರಾ, ಹಿಂದೆ ಪ್ರಯತ್ನ ಆಗಿದೆಯಾ, ಕುಡಿತ ಇದೆಯಾ ಕೇಳಿ. ಟೊಮೇಟೊ, ಹಿಪ್ಪುನೇರಳೆ ಬೆಳೆಯೋ ಮನೆಗಳಲ್ಲಿ ಕೀಟನಾಶಕ ಕೈಗೆಟುಕೋ ಜಾಗದಲ್ಲೇ ಇರುತ್ತೆ. "ಔಷಧಿ ಇದೆಯಾ" ಅಂದರೆ ಶುಗರ್ ಮಾತ್ರೆ ತೋರಿಸ್ತಾರೆ; "ತೋಟಕ್ಕೆ ಹೊಡೆಯೋ ಔಷಧಿ ಮನೇಲಿದೆಯಾ, ಬೀಗ ಹಾಕಿದ್ದೀರಾ" ಅಂತ ಕೇಳಿ. ಇನ್ಸುಲಿನ್ ಯಾರ ಕೈಲಿರುತ್ತೆ ಅಂತಲೂ ಕೇಳಿ. ಯೋಜನೆ ಇದೆ ಅಂದರೆ ಒಂಟಿಯಾಗಿ ಮನೆಗೆ ಕಳಿಸೋ ಹಾಗಿಲ್ಲ. ಟೆಲಿ-ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ನಂಬರ್ 14416 ಎಲ್ಲರ ಮಾಹಿತಿ ಪತ್ರದಲ್ಲೂ ಇರಲಿ, ಹೌದು ಅಂದವರಿಗೆ ಮಾತ್ರ ಅಲ್ಲ.

ಖಿನ್ನತೆ ಖಚಿತ ಆದವರ ಚಿಕಿತ್ಸೆ ನಿಮ್ಮ ಅಧ್ಯಯನದ ಭಾಗ ಅಲ್ಲದಿದ್ದರೂ ಕೊಡಲೇಬೇಕು. ಹಿಂದೆ ಯಾವಾಗಲಾದರೂ ಮೇನಿಯಾ (ಅತಿಯಾದ ಉತ್ಸಾಹ, ಕೆರಳಿಕೆಯ ಸ್ಥಿತಿ) ಇತ್ತಾ ಅಂತ ಕೇಳದೆ ಖಿನ್ನತೆಯ ಮಾತ್ರೆ ಶುರು ಮಾಡಬೇಡಿ. ಸರ್ಟ್ರಲಿನ್ 25 ಮಿಗ್ರಾಂ ಒಂದು ವಾರ, ಆಮೇಲೆ 50. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಮೇಲಿರೋರಲ್ಲಿ ಸಕ್ಕರೆ ಇಳಿಯಬಹುದು, ಮೊದಲ ವಾರಗಳಲ್ಲಿ ಗ್ಲುಕೋಮೀಟರ್ ಹೆಚ್ಚು ಸಲ ನೋಡಿಸಿ. ವಯಸ್ಸಾದವರು ಬಿಪಿಗೆ ಥಯಜೈಡ್ ತಗೊಳ್ತಿದ್ದರೆ ಸೋಡಿಯಂ ನೋಡಿ. 4ರಿಂದ 6 ವಾರಕ್ಕೆ ಮತ್ತೆ ಪಿಎಚ್‌ಕ್ಯೂ: ಸ್ಕೋರ್ ಅರ್ಧಕ್ಕೆ ಇಳಿದರೆ ರೆಸ್ಪಾನ್ಸ್ (ಔಷಧಿ ಹಿಡಿದಿದೆ), 5ಕ್ಕಿಂತ ಕಡಿಮೆ ಆದರೆ ರೆಮಿಷನ್ (ಲಕ್ಷಣ ಬಹುತೇಕ ಹೋಗಿದೆ).

ಎಥಿಕ್ಸ್_ಕಮಿಟಿ_ಸದಸ್ಯ

ಸಿಟಿಆರ್‌ಐ: ಚಿಕಿತ್ಸೆ ಹೋಲಿಸುವ ಟ್ರಯಲ್ ಆಗಿದ್ದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆ ನೋಂದಣಿ ಆಗಿರಲೇಬೇಕು, 2018ರ ಏಪ್ರಿಲ್ 1ರಿಂದ ಆಮೇಲೆ ಮಾಡುವ ನೋಂದಣಿ ಒಪ್ಪುವುದಿಲ್ಲ. ನಿಮ್ಮದು ಅವಲೋಕನ ಅಧ್ಯಯನ. ಆದರೂ ಮಾಡಿಸಿ, ಶುಲ್ಕ ಇಲ್ಲ. ಕಟ್‌ಆಫ್ 10 ಎಂದು ಮೊದಲೇ ಬರೆದಿಟ್ಟಿದ್ದಿರಿ ಎನ್ನುವುದಕ್ಕೆ ಅದೇ ಸಾಕ್ಷಿ.

ಒಪ್ಪಿಗೆ: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 99ನೇ ಕಲಂ ಪ್ರಕಾರ ಮಾನಸಿಕ ಕಾಯಿಲೆ ಇರುವವರ ಬರೀ ಸಂದರ್ಶನಕ್ಕೂ ಒಪ್ಪಿಗೆ ಬೇಕು. "ಪ್ರಶ್ನೆ ಕೇಳುವುದು ತಾನೇ" ಎಂದು ವಿನಾಯಿತಿ ಕೇಳಬೇಡಿ. ಓದಲು ಬಾರದವರಿಗೆ ಹೆಬ್ಬೆಟ್ಟಿನ ಜೊತೆ ಅಧ್ಯಯನಕ್ಕೆ ಸಂಬಂಧಿಸದ ಸಾಕ್ಷಿಯ ಸಹಿ ಬೇಕು. ನಿಮ್ಮ ಜೂನಿಯರ್ ಸಾಕ್ಷಿಯಲ್ಲ. ಮಾಹಿತಿ ಪತ್ರದ ಮೇಲೆ ಆವೃತ್ತಿ ಸಂಖ್ಯೆ, ದಿನಾಂಕ ಇಲ್ಲದೆ ವಾಪಸ್ ಹೋಗುವ ಅರ್ಜಿಗಳೇ ಹೆಚ್ಚು.

ಅಂಕಿಅಂಶ_ತುಮಕೂರು

ಕಟ್‌ಆಫ್ ಮಾತು ಬಂದಿದ್ದಕ್ಕೆ ಇದೊಂದು. ನಿಮ್ಮದೇ ಡೇಟಾದಲ್ಲಿ ಆರ್‌ಒಸಿ (ಒಂದೊಂದು ಕಟ್‌ಆಫ್‌ಗೂ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ತೋರಿಸೋ ಗೆರೆ) ಎಳೆದು, 12ರಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಅದನ್ನೇ "ಸರಿಯಾದ ಕಟ್‌ಆಫ್" ಅಂತ ಘೋಷಿಸಬೇಡಿ. ಅದೇ 245 ಜನರ ಮೇಲೆ ಆರಿಸಿ ಅದೇ 245 ಜನರ ಮೇಲೆ ಪರೀಕ್ಷಿಸಿದರೆ ಅಂಕಿ ಯಾವಾಗಲೂ ಸ್ವಲ್ಪ ಹೊಳೆಯುತ್ತೆ. 10ರದ್ದು ಮುಖ್ಯ ಫಲಿತಾಂಶ, ಉಳಿದದ್ದು ಪಕ್ಕದ ಟೇಬಲ್.

ಪಿಪಿವಿ (ಪಾಸಿಟಿವ್ ಬಂದವರಲ್ಲಿ ನಿಜವಾಗಿ ಖಿನ್ನತೆ ಇರೋರ ಪಾಲು) ಬರೆಯೋವಾಗ ಯಾವ ಜಾಗದ್ದು ಅಂತ ಜೊತೆಗೇ ಬರೀರಿ. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ 85% ಇದ್ದು ನೂರಕ್ಕೆ 20 ಜನಕ್ಕೆ ಖಿನ್ನತೆ ಇರೋ ಒಪಿಡಿಯಲ್ಲಿ, 400 ಜನರಲ್ಲಿ ಪಾಸಿಟಿವ್ 116, ಅವರಲ್ಲಿ ನಿಜವಾಗಿ ಖಿನ್ನತೆ ಇರೋರು 68. ಅದೇ ಹಾಳೆ ತಗೊಂಡು ನೂರಕ್ಕೆ 5 ಇರೋ ಹಳ್ಳಿ ಕ್ಯಾಂಪಿಗೆ ಹೋದರೆ ಪಾಸಿಟಿವ್ 74, ಇರೋರು 17.

ಮಿನಿಗೆ ಬರದೇ ಹೋದವರನ್ನು ಪಟ್ಟಿಯಿಂದ ಅಳಿಸಬೇಡಿ, ಫ್ಲೋ ಚಾರ್ಟ್‌ನಲ್ಲಿ ಕಾರಣ ಸಮೇತ ತೋರಿಸಿ. ಮಧ್ಯಾಹ್ನದ ಬಸ್ ತಪ್ಪುತ್ತೆ ಅಂತ ಹೊರಟುಹೋಗೋರೇ ಜಾಸ್ತಿ ಇರ್ತಾರೆ, ದೂರದೂರಿನವರಿಗೆ ಬೆಳಗ್ಗೆಯ ಮೊದಲ ಮಿನಿ ಕೊಡಿ.