ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಇಷ್ಟೊಂದು ತೆರಬೇಕೇ?

ಪ್ರಶ್ನೆ (ಕೋಲಾರ):
ಟೊಮೆಟೊ ಮಂಡಿಯಲ್ಲಿ ಲಾರಿ ತುಂಬುವಾಗ ಮೊಬೈಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ನೋಡುತ್ತೇನೆ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ 2021ರ ಡ್ರಾಫ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಸರದಿಯಲ್ಲಿ 12ರಿಂದ 3ನೇ ಸ್ಥಾನಕ್ಕೇರಲು ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೂ ಕೊಟ್ಟು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವ) ಟ್ರೇ ಲ್ಯಾನ್ಸ್‌ನನ್ನು ತಂದಿತು. ಫಸಲು ಬರುವ ಮೊದಲೇ ತೋಟ ಒತ್ತೆಯಿಟ್ಟಂತಲ್ಲವೇ?

ಉತ್ತರ (ತುಮಕೂರು):
ಲೆಕ್ಕವಿದೆ ಸ್ವಾಮಿ. ಹೀಗೆ ಆರಿಸಿದ ಹೊಸಬನ ಕಡಿಮೆ ಸಂಬಳದ ಒಪ್ಪಂದ ನಾಲ್ಕು ವರ್ಷ, ಮೊದಲ ಸುತ್ತಿನವನಾದರೆ ಐದನೆಯ ವರ್ಷ ತಂಡದ ಇಚ್ಛೆ. ಸಂಬಳಕ್ಕೆ ಮಿತಿಯಿರುವ ಲೀಗ್‌ನಲ್ಲಿ ಅಗ್ಗದ ಕ್ವಾರ್ಟರ್‌ಬ್ಯಾಕ್ ಸಿಕ್ಕರೆ ಉಳಿದ ಹಣದಲ್ಲಿ ಇಡೀ ತಂಡ ಕಟ್ಟಬಹುದು. 2017ರಲ್ಲಿ ಕಾನ್ಸಾಸ್ ಸಿಟಿ 27ರಿಂದ 10ಕ್ಕೇರಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಹಿಡಿಯಿತು; ಯಾರಾದರೂ ದುಬಾರಿ ಎಂದರೇ?

ಉತ್ತರ (ಚಿಂತಾಮಣಿ):
ಗೆದ್ದವರ ಉದಾಹರಣೆಯನ್ನಷ್ಟೇ ಕೊಡಬೇಡಿ. ಲ್ಯಾನ್ಸ್ ನೆಲೆಯೂರಲಿಲ್ಲ. ಅದೇ ತಂಡಕ್ಕೆ 2022ರಲ್ಲಿ ಕಟ್ಟಕಡೆಯ, 262ನೇ ಆಯ್ಕೆಯಲ್ಲಿ, ಮುಂದೆ ಅದರ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದ ಬ್ರಾಕ್ ಪರ್ಡಿ ಸಿಕ್ಕ!

ಉತ್ತರ (ತುಮಕೂರು):
ಪರ್ಡಿ ಅದೃಷ್ಟ. ಅದೃಷ್ಟವನ್ನು ನಂಬಿ ಯಾವ ವ್ಯವಸ್ಥಾಪಕ ಕೈಕಟ್ಟಿ ಕೂರುತ್ತಾನೆ?